ಪಟ್ಟಿಯ ಮೊದಲ ಸಾಲಿನಲ್ಲಿ ಏನು ಬರೆಯಬೇಕು?

ಹಾಸನದ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನಮ್ಮಲ್ಲಿಗೆ ಬರುವ ಮಕ್ಕಳು ಹೆಚ್ಚಾಗಿ ಆಲೂರು, ಅರಕಲಗೂಡು, ಬೇಲೂರು, ಸಕಲೇಶಪುರದ ಹಳ್ಳಿಗಳವರು. ಮನೆಯಲ್ಲಿ ಪಿಯುಸಿ ತನಕ ಬಂದವರಲ್ಲಿ ಎಷ್ಟೋ ಮಕ್ಕಳು ಮೊದಲಿಗರು. ಚೆನ್ನಾಗಿ ಓದು, ಒಳ್ಳೆ ಮಾರ್ಕ್ಸ್ ತಗೋ, ಮುಂದಿನದು ತಾನಾಗಿಯೇ ಆಗುತ್ತೆ ಅಂತ ಅವರ ಅಪ್ಪ ಅಮ್ಮ ನಂಬಿರುತ್ತಾರೆ. ಆದರೆ ಮುಂದಿನದು ತಾನಾಗಿ ಆಗುವುದಿಲ್ಲ. ಯಾವ ಕೋರ್ಸು, ಯಾವ ಕಾಲೇಜು, ಯಾವ ಊರು ಅಂತ ಯೋಚಿಸಿ, ಕಾಗದ ಪತ್ರ ಜೋಡಿಸಿ, ಅರ್ಜಿ ಹಾಕುವುದು ಒಂದು ದೊಡ್ಡ ಕೆಲಸ. ಅದಕ್ಕೆ ಯಾರೂ ಟ್ಯೂಷನ್ ಕೊಡುವುದಿಲ್ಲ. ಎರಡು ವರ್ಷದ ಓದಿಗೆ ಸಿಗುವ ಗಮನದಲ್ಲಿ ಒಂದು ಚೂರೂ ಈ ಕೆಲಸಕ್ಕೆ ಸಿಗುವುದಿಲ್ಲ.

ನನಗೆ ಇದರ ಬಗ್ಗೆ ಗಟ್ಟಿಯಾದ ಒಂದು ಅಭಿಪ್ರಾಯ ಇದೆ. ಅರ್ಜಿ ಮಕ್ಕಳದು, ಅದನ್ನು ಅವರೇ ಕೂತು ತುಂಬಬೇಕು. ಅಪ್ಪನೂ ಅಲ್ಲ, ಚಿಕ್ಕಪ್ಪನ ಪರಿಚಯದವರೂ ಅಲ್ಲ, ಸೈಬರ್ ಸೆಂಟರಿನ ಹುಡುಗನೂ ಅಲ್ಲ. ಹಾಗೆ ತುಂಬಲು ಬರಬೇಕಾದರೆ ತಯಾರಿ ಮೊದಲನೇ ಪಿಯುಸಿಯಿಂದಲೇ ಶುರುವಾಗಬೇಕು.

ಯಾಕೆ ಅಷ್ಟು ಬೇಗ ಅಂತ ಕೇಳಬಹುದು. ನಮ್ಮ ಕಡೆಯ ವರ್ಷ ಹೇಗೆ ಸಾಗುತ್ತದೆ ಅಂತ ಒಮ್ಮೆ ನೋಡಿ. ಇಂಜಿನಿಯರಿಂಗ್, ಕೃಷಿಯಂಥ ಕೋರ್ಸುಗಳಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿ, ಅದರ ಅರ್ಜಿ ಜನವರಿ ಹೊತ್ತಿಗೆ ಶುರುವಾಗುತ್ತದೆ. ಆಗ ಕಾಫಿ ಕುಯ್ಲು ಜೋರು. ಮಾರ್ಚ್‌ನಲ್ಲಿ ಪಿಯುಸಿ ಪರೀಕ್ಷೆ. ಅದೇ ದಿನಗಳಲ್ಲಿ ತೋಟದವರು ಹೂಮಳೆಗೆ ಕಾಯುತ್ತಾ ಆಕಾಶ ನೋಡುತ್ತಿರುತ್ತಾರೆ, ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಪೈಪು ಎಳೆಯುತ್ತಿರುತ್ತಾರೆ. ಏಪ್ರಿಲ್‌ನಲ್ಲಿ ಸಿಇಟಿ, ಮೇ ಮೊದಲ ವಾರದಲ್ಲಿ ಮೆಡಿಕಲ್ ಸೀಟಿನ ನೀಟ್. ಮೇ ದಾಟುತ್ತಿದ್ದ ಹಾಗೆ ಬಯಲು ಸೀಮೆಯ ಕಡೆ ಆಲೂಗಡ್ಡೆ ಬಿತ್ತನೆ. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಕೆಲಸ ನಡೆಯುವ ಜೂನ್, ಜುಲೈನಲ್ಲಿ ಮಲೆನಾಡಿಗೆ ಮಳೆ ಹಿಡಿದಿರುತ್ತದೆ. ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಒಂದು ಓಟಿಪಿ ಬರಲು ಛತ್ರಿ ಹಿಡಿದು ದಿಣ್ಣೆ ಹತ್ತುವ ಮಕ್ಕಳು ಇಂದಿಗೂ ಇದ್ದಾರೆ. ಮನೆಯವರಿಗೆ ಕಾಳಜಿ ಇಲ್ಲ ಅಂತಲ್ಲ. ಅರ್ಜಿಯ ಪ್ರತಿಯೊಂದು ಹಂತವೂ ಅವರ ದುಡಿಮೆಯ ಕಾಲಕ್ಕೇ ಬಂದು ಬೀಳುತ್ತದೆ. ಆದ್ದರಿಂದ ಮುಂಚೆ ಮಾಡಬಹುದಾದ್ದನ್ನು ಮುಂಚೆಯೇ ಮಾಡಿಟ್ಟುಕೊಂಡರೆ ಎಲ್ಲರಿಗೂ ನೆಮ್ಮದಿ.

ಮುಂಚೆ ಮಾಡಬಹುದಾದ್ದರಲ್ಲಿ ಮೊದಲನೆಯದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಅಪ್ಪನ ಹೆಸರು ಪೂರ್ತಿ. ತರಗತಿಯಲ್ಲಿ ಎಲ್ಲರಿಗೂ ಎರಡೂ ಕಾಗದ ತರಲು ಹೇಳಿ, ಅಕ್ಷರ ಅಕ್ಷರ ಹೋಲಿಸಿ ನೋಡಿಸಿದರೆ ಸುಮಾರು ಮಕ್ಕಳ ಮುಖ ಸಪ್ಪಗಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೆ ಆಧಾರ್ ಸರಿಮಾಡಿಸಿಕೊಳ್ಳುವುದು ಸುಲಭದ ದಾರಿ. ಬ್ಯಾಂಕ್ ಖಾತೆಯೂ ಮಗುವಿನ ಹೆಸರಿನಲ್ಲೇ ಇದ್ದು, ಅದಕ್ಕೆ ಆಧಾರ್ ಜೋಡಣೆ ಆಗಿರಬೇಕು. ಇಲ್ಲದಿದ್ದರೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಮಂಜೂರಾದರೂ ದುಡ್ಡು ಕೈಗೆ ಬರುವುದಿಲ್ಲ.

ಆಮೇಲೆ ಜಾತಿ ಮತ್ತು ಆದಾಯ ಪ್ರಮಾಣ ಪತ್ರ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ತಹಶೀಲ್ದಾರರ ಕಡೆಯಿಂದ ಆರ್‌ಡಿ ಸಂಖ್ಯೆ ಇರುವ ಪತ್ರ ಸಿಗುತ್ತದೆ. ಸಿಇಟಿ ಅರ್ಜಿಯಲ್ಲಿ ಕೇಳುವುದು ಆ ಸಂಖ್ಯೆಯನ್ನೇ. ಆದಾಯ ಪತ್ರಕ್ಕೆ 5 ವರ್ಷದ ಅವಧಿ ಇರುತ್ತದೆ. ಹೈಸ್ಕೂಲಿಗೆ ಸೇರುವಾಗ ಮಾಡಿಸಿದ ಪತ್ರ ಪಿಯುಸಿ ಮುಗಿಯುವ ಹೊತ್ತಿಗೆ ಅವಧಿ ಮುಗಿದಿರಬಹುದು, ಆ ದಿನಾಂಕ ಈಗಲೇ ನೋಡಿಕೊಳ್ಳಿ. ಎಲ್ಲರೂ ಒಟ್ಟಿಗೆ ನಾಡಕಚೇರಿಗೆ ಓಡುವ ತಿಂಗಳಲ್ಲಿ ನೀವೂ ಓಡಬೇಕಾದ ಅಗತ್ಯವಿಲ್ಲ. ದಸರಾ ರಜೆಯಲ್ಲೇ ಹೋಗಿ ಅರ್ಜಿ ಕೊಟ್ಟು ಬನ್ನಿ.

ಇನ್ನೊಂದು ವಿಷಯಕ್ಕೆ ನಾನು ಪ್ರತಿ ವರ್ಷ ಗಂಟಲು ಹರಿದುಕೊಳ್ಳುತ್ತೇನೆ. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು ಇದೆ. ನಮ್ಮ ಕಾಲೇಜಿಗೆ ಬರುವ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಸೌಲಭ್ಯ ಬೇರೆ ಇಲ್ಲ. ಎರಡಕ್ಕೂ ಒಂದರಿಂದ 10ನೇ ತರಗತಿವರೆಗಿನ ಓದಿನ ಲೆಕ್ಕ ಬೇಕು. ಮನೆ ಹಳ್ಳಿಯಲ್ಲಿದ್ದರೆ ಸಾಲದು, ಓದಿದ ಶಾಲೆ ಹಳ್ಳಿಯಲ್ಲಿರಬೇಕು. ಸಾಮಾನ್ಯ ವರ್ಗದ ಮಕ್ಕಳೂ ಗ್ರಾಮೀಣ ಮೀಸಲು ಕೇಳಬಹುದು, ಅವರಿಗೂ ಆದಾಯಕ್ಕೆ ಸಂಬಂಧಿಸಿದ ಪತ್ರ ಬೇಕಾಗುತ್ತದೆ. ಪ್ರೈಮರಿ ಒಂದು ಕಡೆ, ಹೈಸ್ಕೂಲು ಇನ್ನೊಂದು ಕಡೆ ಓದಿದ್ದರೆ ಎರಡೂ ಶಾಲೆಯ ವ್ಯಾಸಂಗ ಪತ್ರ, ಅದಕ್ಕೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಸಹಿ. ಶಾಲೆಗೆ ಬೇಸಿಗೆ ರಜೆ ಇರುವಾಗ ಹೆಡ್‌ಮಾಸ್ಟರನ್ನು ಎಲ್ಲಿ ಹುಡುಕುತ್ತೀರಿ? ಕನ್ನಡ ಶಾಲೆಯಲ್ಲಿ ಓದಿದ್ದನ್ನು ಹೇಳಿಕೊಳ್ಳಲು ಹಿಂಜರಿಯುವ ಮಕ್ಕಳನ್ನು ನಾನು ನೋಡಿದ್ದೇನೆ. ಇಂಗ್ಲಿಷಿನ ಪಾಠ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಹುಡುಗನಿಗೆ, ನಿನ್ನ ಹತ್ತು ವರ್ಷದ ಕನ್ನಡ ಓದಿಗೆ ಅಂತಲೇ ಸೀಟು ಇಟ್ಟಿದ್ದಾರೆ ಕಣೋ ಅಂತ ಹೇಳಿದಾಗ ಅವನು ಬೆನ್ನು ನೆಟ್ಟಗೆ ಮಾಡಿ ಕೂತಿದ್ದನ್ನೂ ನೋಡಿದ್ದೇನೆ.

ಎಸ್‌ಎನ್‌ಕ್ಯೂ ಅಂತ ಇನ್ನೊಂದು ಇದೆ. ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿರುವವರಿಗೆ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬೋಧನಾ ಶುಲ್ಕ ಇಲ್ಲದೆ ಕೊಡುವ ಹೆಚ್ಚುವರಿ ಸೀಟುಗಳು. ಅರ್ಜಿಯಲ್ಲಿ ಅದನ್ನು ಕೇಳಿಕೊಳ್ಳಬೇಕು, ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ.

ಓದಿನ ವಿಷಯಕ್ಕೆ ಬಂದರೆ, ಒಂದೇ ಮಾತು ಜಾಸ್ತಿ ಒತ್ತಿ ಹೇಳಬೇಕು. ಇಂಜಿನಿಯರಿಂಗ್ ರ‍್ಯಾಂಕ್‌ಗೆ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ. ಸಿಇಟಿಗೆ ಓದುತ್ತೇವೆ ಅಂತ ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಂಡರೆ ಅರ್ಧ ತೂಕ ಅಲ್ಲೇ ಹೋಯಿತು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದೂ ಪ್ರಶ್ನೆ ಖಾಲಿ ಬಿಡಬಾರದು. ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಳೆಯುತ್ತಾರೆ, ಅಲ್ಲಿ ಗೊತ್ತಿಲ್ಲದ್ದನ್ನು ಬಿಡುವ ಧೈರ್ಯ ಬೇಕು. ಎರಡೂ ಬರೆಯುವ ಮಕ್ಕಳಿಗೆ ಕೆಲವೇ ವಾರಗಳ ಅಂತರದಲ್ಲಿ ಎರಡು ಬೇರೆ ಅಭ್ಯಾಸ ಆಗಬೇಕು. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಗಡಿಯಾರ ನೋಡಿ ಬರೆಯುವುದರಿಂದ ಇದು ಬರುತ್ತದೆ. ಅದಕ್ಕೆ ಲಕ್ಷಗಟ್ಟಲೆ ಕೊಟ್ಟು ದೂರದ ಊರಿನ ಕೋಚಿಂಗ್‌ಗೆ ಹೋಗಲೇಬೇಕು ಅಂತ ನನಗೆ ಅನ್ನಿಸುವುದಿಲ್ಲ. ಹೋಗುವ ಶಕ್ತಿ ಇದ್ದವರು ಹೋಗಲಿ. ಆದರೆ ಅದಕ್ಕಾಗಿ ತೋಟದ ಮೇಲೆ ಸಾಲ ಮಾಡುವ ಅಪ್ಪಂದಿರನ್ನು ನೋಡಿದರೆ ಸಂಕಟ ಆಗುತ್ತದೆ.

ಸಂಜೆಯ ಸ್ಪೆಷಲ್ ಕ್ಲಾಸಿನ ಬಗ್ಗೆಯೂ ಇಲ್ಲಿ ಹೇಳಿಬಿಡುತ್ತೇನೆ. ಆಲೂರು, ಸಕಲೇಶಪುರ, ಬೇಲೂರು, ಆಚೆ ಮೂಡಿಗೆರೆ ಕಡೆ ಕಾಡಾನೆ ಓಡಾಟ ಇರುವ ಹಳ್ಳಿಗಳ ಮಕ್ಕಳು ಕತ್ತಲಾದ ಮೇಲೆ ಬಸ್ಸಿಳಿದು ತೋಟದ ದಾರಿಯಲ್ಲಿ ನಡೆಯುವ ಹಾಗಿಲ್ಲ. ಸಂಜೆ ಕ್ಲಾಸಿಗೆ ನಿಲ್ಲದವರನ್ನು ಆಸಕ್ತಿ ಇಲ್ಲದವರು ಅಂತ ತಿಳಿಯಬಾರದು. ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ ಕೊಟ್ಟರೆ ಅವರೂ ಬರುತ್ತಾರೆ.

ಈಗ ನನ್ನ ಮನಸ್ಸಿಗೆ ತೀರಾ ಹತ್ತಿರವಾದ ವಿಷಯ, ಆಪ್ಷನ್ ಎಂಟ್ರಿ. ಫಲಿತಾಂಶ ಬಂದು, ದಾಖಲೆ ಪರಿಶೀಲನೆ ಆದ ಮೇಲೆ, ಯಾವ ಕಾಲೇಜು ಯಾವ ಕೋರ್ಸು ಬೇಕು ಅಂತ ಒಂದರ ಕೆಳಗೆ ಒಂದು ಬರೆದು, ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರಕ್ಕೆ ಕೊಡುವ ಪಟ್ಟಿ ಇದು. ಸಿಇಟಿ ಕೋಶ ಶುರುವಾಗಿದ್ದು 1994ರಲ್ಲಿ. ದುಡ್ಡಿದ್ದವರಿಗೆ, ಶಿಫಾರಸು ಇದ್ದವರಿಗೆ ಅಷ್ಟೇ ತೆರೆಯುತ್ತಿದ್ದ ಬಾಗಿಲುಗಳನ್ನು ರ‍್ಯಾಂಕ್ ಇದ್ದ ಯಾವ ಹಳ್ಳಿ ಹುಡುಗನೂ ತಟ್ಟುವ ಹಾಗೆ ಮಾಡಿದ ಏರ್ಪಾಟು ಅದು. ನನಗೆ ಅದರ ಮೇಲೆ ತುಂಬಾ ಗೌರವ ಇದೆ. ಆದರೆ ಆ ಪಟ್ಟಿಯನ್ನು ನಮ್ಮ ಮಕ್ಕಳು ಹೆದರಿಕೊಂಡು ಬರೆಯುತ್ತಾರೆ.

ಹೆದರಿಕೆ ಹೀಗೆ: "ನನಗೆ ಸಿಗದೇ ಇರುವ ಕಾಲೇಜನ್ನು ಮೊದಲು ಹಾಕಿದರೆ, ಸಿಗುವುದೂ ತಪ್ಪಿಹೋಗಬಹುದು." ಇದು ಸುಳ್ಳು. ಎಷ್ಟು ಸಾರಿ ಹೇಳಿದರೂ ಮಕ್ಕಳು ನಂಬುವುದಿಲ್ಲ, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ರ‍್ಯಾಂಕ್ ಅಂದರೆ ಸಾಲಿನಲ್ಲಿ ನಿಮ್ಮ ಜಾಗ. ನಿಮ್ಮ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿಂದ ಓದುತ್ತದೆ. ಮೊದಲನೆಯದು ಖಾಲಿ ಇದ್ದರೆ ಅದನ್ನು ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದು ನೋಡುತ್ತದೆ, ಅದೂ ಇಲ್ಲದಿದ್ದರೆ ಮೂರನೆಯದು. ಅಮ್ಮ ಸಂತೆಗೆ ಚೀಟಿ ಕೊಟ್ಟು ಕಳಿಸುತ್ತಾರಲ್ಲ, ಮಲ್ಲಿಗೆ ಇದ್ದರೆ ಮಲ್ಲಿಗೆ ತಾ, ಇಲ್ಲದಿದ್ದರೆ ಸೇವಂತಿಗೆ ತಾ ಅಂತ, ಹಾಗೆಯೇ ಇದು. ಮಲ್ಲಿಗೆ ಮೊದಲು ಕೇಳಿದೆವು ಅಂತ ಸೇವಂತಿಗೆ ಕೊಡುವುದಿಲ್ಲ ಅಂತ ಯಾರೂ ಹೇಳುವುದಿಲ್ಲ. ಆದ್ದರಿಂದ ಪಟ್ಟಿಯನ್ನು ಬೇಕಾದ ಕ್ರಮದಲ್ಲಿ ಬರೆಯಬೇಕು, ಸಿಗಬಹುದಾದ ಕ್ರಮದಲ್ಲಿ ಅಲ್ಲ. ಹಿಂದಿನ ವರ್ಷದ ಕಟ್ ಆಫ್ ನೋಡಿಕೊಳ್ಳಿ, ಅದು ಪಟ್ಟಿಯ ಕೊನೆಯಲ್ಲಿ ಖಂಡಿತ ಸಿಗುವ ನಾಲ್ಕಾರು ಕಾಲೇಜು ಇವೆಯಾ ಅಂತ ತಿಳಿಯಲು ಉಪಯೋಗಕ್ಕೆ ಬರುತ್ತದೆ. ಸಿಕ್ಕರೆ ಸೇರುವುದೇ ಇಲ್ಲ ಅನ್ನಿಸುವ ಕಾಲೇಜನ್ನು ಮಾತ್ರ ಹಾಕಲೇಬೇಡಿ.

ಆಲೂರು ಕಡೆಯ ಒಬ್ಬ ಹುಡುಗಿ ನೆನಪಾಗುತ್ತಾಳೆ. ಶುಂಠಿ, ಜೋಳ, ಒಂದಿಷ್ಟು ಕಾಫಿ ಬೆಳೆಯುವ ಮನೆ. ಪಿಸಿಎಂಬಿ ಓದಿದ್ದಳು. ಅವಳ ಪಟ್ಟಿಯನ್ನು ಸೈಬರ್ ಸೆಂಟರ್ ಒಂದರಲ್ಲಿ ತುಂಬಿಸಿದ್ದರು. ಹಿಂದಿನ ದಿನ ಬಂದ ಯಾರದೋ ಪಟ್ಟಿ ನೋಡಿಕೊಂಡು, ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳನ್ನು ಸಾಲಾಗಿ ಹಾಕಿಕೊಟ್ಟಿದ್ದರು. ನಿಜವಾದ ಹಂಚಿಕೆಗೆ ಮುಂಚೆ ಪ್ರಯೋಗಕ್ಕೆ ಅಂತ ತೋರಿಸುವ ಮಾಕ್ ಅಲಾಟ್‌ಮೆಂಟ್ ಬಂದಾಗ ಅವಳಿಗೆ ತೋರಿಸಿದ ಕಾಲೇಜಿನ ಹೆಸರನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಪ್ಪ ಮಗಳು ಇಬ್ಬರೂ ಕಾಲೇಜಿಗೆ ಬಂದರು.

"ಮೇಡಂ, ನಮ್ಗೇನು ಗೊತ್ತಾಗುತ್ತೆ, ನೀವೇ ಒಂದು ಒಳ್ಳೇದು ನೋಡಿ ಹಾಕಿಕೊಡಿ" ಅಂದರು ಅಪ್ಪ.

"ಅವಳನ್ನ ಕೇಳಿದ್ರಾ ಅಣ್ಣ?" ಅಂದೆ.

ಅವಳು ನೆಲ ನೋಡಿಕೊಂಡೇ, "ನಂಗೆ ಬಿಎಸ್ಸಿ ಅಗ್ರಿ ಇಷ್ಟ ಮೇಡಂ" ಅಂದಳು.

ಅಪ್ಪನ ಮುಖ ಬಾಡಿತು. "ಮಣ್ಣಿನ ಕೆಲಸ ಬಿಡಿಸೋಕೆ ಅಂತಾನೇ ಮೇಡಂ ಓದಿಸಿದ್ದು."

ಆ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ಶುಂಠಿ ರೇಟು ಬಿದ್ದ ವರ್ಷಗಳನ್ನು ಕಂಡವರ ಮಾತು ಅದು. ಹುಡುಗಿಯೇ ನಿಧಾನವಾಗಿ ಹೇಳಿದಳು, "ಅಪ್ಪ, ಶುಂಠಿಗೆ ಕೊಳೆರೋಗ ಬಂದಾಗ ನೀನು ಔಷಧಿ ಅಂಗಡಿಯವರನ್ನ ಕೇಳಿದ್ದೆ. ಅವರು ಕೊಟ್ಟಿದ್ದೇ ಹೊಡೆದೆ. ಅದನ್ನ ಓದಿರೋರು ಮನೇಲಿ ಒಬ್ರು ಇರಲಿ ಅಲ್ವಾ?"

ತುಂಬಾ ಹೊತ್ತು ಮಾತಾಡಿದೆವು. ಹಾಸನದ ಹತ್ತಿರ ಕಾರೇಕೆರೆಯಲ್ಲೇ ಕೃಷಿ ಕಾಲೇಜು ಇದೆ ಅಂತ ಅವರಿಗೆ ಗೊತ್ತಿತ್ತು. ಆದರೆ ಅಲ್ಲಿ ತಮ್ಮ ಮಗಳು ಓದಬಹುದು ಅಂತ ಯೋಚಿಸಿರಲಿಲ್ಲ. ಕೃಷಿಕರ ಮಕ್ಕಳಿಗೆ ಆ ಕೋರ್ಸುಗಳಲ್ಲಿ ಬೇರೆ ಕೋಟಾ ಇದೆ, ಅದಕ್ಕೆ ಪ್ರಮಾಣ ಪತ್ರ ಬೇಕು, ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು. ಅದು ಅರ್ಜಿ ಹಾಕುವಾಗಲೇ ಕೇಳಬೇಕಾದ ವಿಷಯ. ಅವಳ ಅರ್ಜಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಬೀಜ, ಗೊಬ್ಬರ, ಕಳೆ ನೋಡಿಕೊಂಡೇ ಬೆಳೆದವಳಿಗೆ ಆ ಬಾಗಿಲು ತೆರೆಯಲೇ ಇಲ್ಲ. ಇದು ನೆನಪಾದಾಗಲೆಲ್ಲ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಉಳಿದ ದಾರಿ ಸಾಮಾನ್ಯ ಸೀಟುಗಳು. ಮಾಕ್ ಆದ ಮೇಲೆ ಪಟ್ಟಿ ತಿದ್ದಲು ಅವಕಾಶ ಇರುತ್ತದೆ. ಅವಳೇ ಕೂತು ಹೊಸ ಪಟ್ಟಿ ಬರೆದಳು. ಮೊದಲು ಕಾರೇಕೆರೆ, ಆಮೇಲೆ ಶಿವಮೊಗ್ಗ, ಮಂಡ್ಯ. ಅದರ ಕೆಳಗೆ ಮೂಡಿಗೆರೆಯ ತೋಟಗಾರಿಕೆ ಕಾಲೇಜು. ಕೊನೆಯಲ್ಲಿ, ಅಪ್ಪನ ಮನಸ್ಸಿಗೂ ಇರಲಿ ಅಂತ, ಹಾಸನದ ಇಂಜಿನಿಯರಿಂಗ್ ಕಾಲೇಜುಗಳು. ಸಿಕ್ಕಿದ್ದು ಮೂಡಿಗೆರೆ. ಕಾಫಿ, ಮೆಣಸು, ಏಲಕ್ಕಿಯ ಊರು. ಮಗಳನ್ನು ಹಾಸ್ಟೆಲ್‌ಗೆ ಬಿಟ್ಟು ಬಂದ ದಿನ ಅವಳ ಅಪ್ಪ ಫೋನ್ ಮಾಡಿ, ಅಲ್ಲಿನ ಮೆಣಸಿನ ಬಳ್ಳಿ ಎಷ್ಟು ಎತ್ತರ ಇದೆ ಅಂತ ಹೇಳಿದ್ದೇ ಹೇಳಿದ್ದು.

ಸೀಟು ಸಿಕ್ಕ ಮೇಲೆ ಬರುವ ನಾಲ್ಕು ಆಯ್ಕೆಗಳನ್ನೂ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಒಂದನೆಯದು, ಇದೇ ಸಾಕು, ಸೇರುತ್ತೇನೆ. ಎರಡನೆಯದು, ಇದು ಇರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನದು ಸಿಕ್ಕರೆ ಅದನ್ನು ಕೊಡಿ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು, ಪೂರ್ತಿ ಹೊರಗೆ. ಮೂರನ್ನು ಒತ್ತಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ ಅನ್ನುವುದು ಎಷ್ಟೋ ಜನರಿಗೆ ಒತ್ತಿದ ಮೇಲೆ ತಿಳಿಯುತ್ತದೆ. ಪಾಸ್‌ವರ್ಡ್, ಓಟಿಪಿ ಬೇರೆಯವರ ಕೈಗೆ ಕೊಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಸಿಇಟಿ ಬರೆಯದ ಮಕ್ಕಳ ಬಗ್ಗೆ ಯಾರೂ ಬರೆಯುವುದಿಲ್ಲ. ನಮ್ಮ ಆರ್ಟ್ಸ್, ಕಾಮರ್ಸ್ ಮಕ್ಕಳಿಗೆ ಪಿಯುಸಿ ಮುಗಿದ ಮೇಲೆ ಹತ್ತಿರದ ಡಿಗ್ರಿ ಕಾಲೇಜು ಅನ್ನುವುದು ಯೋಚನೆಯೇ ಇಲ್ಲದೆ ಆಗುವ ತೀರ್ಮಾನ. ಹಾಸನದಲ್ಲಿ ಸರ್ಕಾರಿ ಕಲಾ ಕಾಲೇಜು, ಸರ್ಕಾರಿ ವಿಜ್ಞಾನ ಕಾಲೇಜು ಇವೆ, ಚಿಕ್ಕಮಗಳೂರಿನಲ್ಲಿ ಐಡಿಎಸ್‌ಜಿ ಕಾಲೇಜು ಇದೆ. ಒಳ್ಳೆಯ ಮೇಷ್ಟ್ರುಗಳಿರುವ ಕಾಲೇಜುಗಳು. ಆದರೆ ಅಲ್ಲೂ ಯಾವ ವಿಷಯ ತೆಗೆದುಕೊಳ್ಳಬೇಕು ಅಂತ ಮೊದಲೇ ಯೋಚಿಸಿ ಹೋದವರಿಗೂ, ಕ್ಯೂನಲ್ಲಿ ಗೆಳತಿ ಬರೆದದ್ದನ್ನೇ ಬರೆದವರಿಗೂ ವ್ಯತ್ಯಾಸ ಇರುತ್ತದೆ. ಡಿಗ್ರಿ ಪ್ರವೇಶ ಈಗ ಯುಯುಸಿಎಂಎಸ್ ಅನ್ನುವ ಪೋರ್ಟಲ್ ಮೂಲಕ ನಡೆಯುತ್ತದೆ, ಅದನ್ನೂ ಮೊಬೈಲಿನಲ್ಲಿ ತೆರೆದು ನೋಡಿಕೊಳ್ಳಬಹುದು. ಸರ್ಕಾರಿ ಶಾಲೆ ಮತ್ತು ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಡಿಗ್ರಿಗೆ ಸೇರುವ ಹೆಣ್ಣು ಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತದೆ. ನಮ್ಮ ಹುಡುಗಿಯರ ಮನೆಯಲ್ಲಿ ಈ ದುಡ್ಡು "ಓದು ಸಾಕು" ಅನ್ನುವ ಮಾತನ್ನು ಮುಂದೂಡಬಲ್ಲದು.

ಕೆಲವು ವಿಶ್ವವಿದ್ಯಾಲಯಗಳು ಸಂದರ್ಶನ ಮಾಡುತ್ತವೆ. ನೀನು ಯಾರು, ಏನು ಓದಿದ್ದೀಯ, ಯಾಕೆ ಈ ವಿಷಯ ಬೇಕು ಅಂತ ಕೇಳುತ್ತಾರೆ. ಅಂಕಪಟ್ಟಿಯಲ್ಲಿ ಶೇ 90 ಇರುವ ಮಕ್ಕಳೂ ಈ ಪ್ರಶ್ನೆಗೆ ಬಾಯಿ ಕಟ್ಟಿ ನಿಲ್ಲುತ್ತಾರೆ. ಯಾಕೆಂದರೆ ಅವರನ್ನು ಯಾರೂ ಹೀಗೆ ಕೇಳಿಯೇ ಇಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಒಮ್ಮೆ ಕೇಳಿ ನೋಡಿ. ಮೊದಲು "ಗೊತ್ತಿಲ್ಲ" ಅನ್ನುತ್ತಾರೆ. ಬಿಡಬೇಡಿ, ಮುಂದಿನ ವಾರ ಮತ್ತೆ ಕೇಳಿ.

ಹೆಣ್ಣು ಮಕ್ಕಳ ಪಟ್ಟಿಯಲ್ಲಿ ದೂರದ ಊರುಗಳು ಕಡಿಮೆ ಇರುತ್ತವೆ. ಈಗ ಸ್ವಲ್ಪ ಬದಲಾಗುತ್ತಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಅವರ ಓಡಾಟಕ್ಕೆ ದುಡ್ಡು ಬೇಡ. ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು 2017ರಿಂದ ಇದೆ. ವಾರಕ್ಕೊಮ್ಮೆ ಮನೆಗೆ ಬಂದು ಹೋಗಬಹುದು ಅಂದಾಗ ಅಮ್ಮಂದಿರ ಧೈರ್ಯ ಹೆಚ್ಚುತ್ತದೆ. ಇನ್ನು ಹಿಂದುಳಿದ ವರ್ಗದ ಮಕ್ಕಳ ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೆ ಬೇರೆ ಅರ್ಜಿ, ಬೇರೆ ಕೊನೆಯ ದಿನಾಂಕ. ಕಾಲೇಜು ಸಿಕ್ಕಿದೆ ಅಂದ ಮಾತ್ರಕ್ಕೆ ಹಾಸ್ಟೆಲ್ ಸಿಕ್ಕಂತಲ್ಲ. ಸೀಟು ಬಂದರೂ ಉಳಿಯಲು ಜಾಗ ಇಲ್ಲದೆ ಬಿಟ್ಟವರು ಇದ್ದಾರೆ.

ಸಹೋದ್ಯೋಗಿಗಳಿಗೂ ಒಂದು ಮಾತು. ಸಿಇಟಿ ಅರ್ಜಿಯನ್ನು ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲೇ, ಮಕ್ಕಳ ಕೈಯಲ್ಲೇ ತುಂಬಿಸಬಹುದು. ಪಕ್ಕದಲ್ಲಿ ನಾವು ನಿಂತರೆ ಸಾಕು. ಗ್ರಾಮೀಣ, ಕನ್ನಡ ಮಾಧ್ಯಮ, ಕೃಷಿಕರ ಕೋಟಾ, ಎಸ್‌ಎನ್‌ಕ್ಯೂ, ಇವನ್ನೆಲ್ಲ ಕೇಳಿದ್ದಾರಾ ಅಂತ ಕೊನೆಯ ಗುಂಡಿ ಒತ್ತುವ ಮುಂಚೆ ಒಮ್ಮೆ ಓದಿಸಿ.

ಹಾಸನ, ಚಿಕ್ಕಮಗಳೂರು ಕಡೆಯಿಂದ ಹೋಗಿ ಈಗ ಎಲ್ಲೆಲ್ಲೋ ಓದುತ್ತಿರುವವರು ಇದನ್ನು ಓದುತ್ತಿದ್ದರೆ, ಊರಿಗೆ ಬಂದಾಗ ಒಂದು ಶನಿವಾರ ನಿಮ್ಮ ಹಳೆಯ ಪಿಯು ಕಾಲೇಜಿಗೆ ಹೋಗಿ ಬನ್ನಿ. ಭಾಷಣ ಬೇಡ. ನಿಮ್ಮ ಕೋರ್ಸಿನಲ್ಲಿ ದಿನಾ ಏನು ಮಾಡುತ್ತೀರಿ, ಫೀಸು ಎಷ್ಟಾಯಿತು, ಇಂಗ್ಲಿಷಿಗೆ ಹೇಗೆ ಒಗ್ಗಿಕೊಂಡಿರಿ, ಹಾಸ್ಟೆಲ್ ಊಟ ಹೇಗಿದೆ, ಇಷ್ಟು ಹೇಳಿ. ಮೊದಲನೇ ಪಿಯುಸಿಯವರನ್ನೂ ಕೂರಿಸಿಕೊಳ್ಳಿ, ಅವರಿಗೆ ಕೇಳಲು ತುಂಬಾ ಇದೆ.